ಗಟ್ಟಿ ಕಲ್ಲಿಗೆ ಸಣ್ಣ ಏಟು: ಸರ್ ಸಿ.ವಿ. ರಾಮನ್ ಅವರ ಬದುಕು ಮತ್ತು ಸಾಧನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳವರಾದ ನಮಗೆ ಕಲ್ಲು ಹೊಸದಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆ ಬೆಟ್ಟ, ಕೊರಟಗೆರೆಯ ಸಿದ್ಧರಬೆಟ್ಟ ಇವುಗಳ ನೆರಳಿನಲ್ಲಿಯೇ ನಮ್ಮ ಊರುಗಳು ಬೆಳೆದಿವೆ. ಶಿರಾದಲ್ಲಿರುವ 17ನೇ ಶತಮಾನದ ಮಲಿಕ್ ರಿಹಾನ್ ಅವರ ಗೋರಿ, 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿ ಕಲ್ಲುಕುಟಿಗರ ಕೈಚಳಕಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿವೆ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಒರಳುಕಲ್ಲು ಸವೆದು ನುಣುಪಾದರೆ ಕಲ್ಲು ಕುಟ್ಟುವವರು ಮನೆ ಬಾಗಿಲಿಗೆ ಬರುತ್ತಿದ್ದರು. ಉಳಿಯ ತುದಿಯಿಂದ ಚಕಚಕನೆ ಸಣ್ಣ ಸಣ್ಣ ಏಟು ಹಾಕಿ ಕಲ್ಲನ್ನು ಮತ್ತೆ ಒರಟು ಮಾಡಿ ಕೊಡುತ್ತಿದ್ದರು. ಒಂದೇ ದೊಡ್ಡ ಏಟು ಹಾಕಿದರೆ ಕಲ್ಲು ಸೀಳಿಹೋದೀತು. ಸಾವಿರ ಸಣ್ಣ ಏಟು ಹಾಕಿದರೆ ಬೇಕಾದಷ್ಟು ಮಾತ್ರ ಉದುರುತ್ತದೆ. ಇದು ಅವರಿಗೆ ತಲೆಮಾರಿನಿಂದ ಬಂದ ವಿದ್ಯೆ.

ಇದೇ ವಿದ್ಯೆಯನ್ನು ಇಂದಿನ ಕಾರ್ಖಾನೆಗಳಲ್ಲಿ ಒಂದು ಯಂತ್ರ ಮಾಡುತ್ತದೆ. ಅದು ಒಂದು ಸೆಕೆಂಡಿಗೆ ಸುಮಾರು 20,000 ಏಟು ಹಾಕುತ್ತದೆ. ಗಾಜು, ಸೆರಾಮಿಕ್, ಸ್ಫಟಿಕ, ಮಾಣಿಕ್ಯದಂತಹ ಗಟ್ಟಿ ವಸ್ತುಗಳಲ್ಲಿ ಬಿರುಕು ಬಾರದ ಹಾಗೆ ದುಂಡಗೆ, ಚೌಕವಾಗಿ, ನಕ್ಷತ್ರದ ಆಕಾರದಲ್ಲಿ ಬೇಕಾದರೂ ರಂಧ್ರ ಕೊರೆಯುತ್ತದೆ. ಇದಕ್ಕೆ ಅಲ್ಟ್ರಾಸಾನಿಕ್ ಯಂತ್ರಗಾರಿಕೆ ಎನ್ನುತ್ತಾರೆ. ನಮ್ಮ ಕಿವಿಗೆ ಕೇಳದ ಧ್ವನಿ, ಅಂದರೆ ಶ್ರವಣಾತೀತ ಧ್ವನಿಯ ಬಲದಿಂದ ನಡೆಯುವ ಕೆಲಸವಿದು. ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಇದರ ಹಿಂದಿರುವ ಎರಡು ಮುಖ್ಯ ವಿಷಯಗಳನ್ನು, ಅಂದರೆ ಗಟ್ಟಿ ವಸ್ತು ಏಟಿಗೆ ಹೇಗೆ ಒಡೆಯುತ್ತದೆ ಎಂಬುದನ್ನೂ ಶ್ರವಣಾತೀತ ಧ್ವನಿ ಹೇಗೆ ವರ್ತಿಸುತ್ತದೆ ಎಂಬುದನ್ನೂ, ನಮ್ಮ ಬೆಂಗಳೂರಿನಲ್ಲಿಯೇ 37 ವರ್ಷ ಬಾಳಿದ ಒಬ್ಬ ವಿಜ್ಞಾನಿ ಆಳವಾಗಿ ಅಭ್ಯಾಸ ಮಾಡಿದ್ದರು ಎಂಬುದು ಹೆಚ್ಚಿನವರಿಗೆ ತಿಳಿಯದು. ಅವರೇ ಸರ್ ಚಂದ್ರಶೇಖರ ವೆಂಕಟ ರಾಮನ್. ಎಲ್ಲರೂ ಬಲ್ಲ ಅವರ ಹೆಸರಿನ ಹಿಂದೆ ಅಡಗಿರುವ, ಹೆಚ್ಚಾಗಿ ಯಾರೂ ಹೇಳದ ಈ ಭಾಗವನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿನಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಒಂದು ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರು. ಮನೆ ತುಂಬ ಮಕ್ಕಳು, ಸಂಬಳ ಸಾಧಾರಣ. ಆದರೂ ಆ ಮನೆಯಲ್ಲಿ ಎರಡು ಸಂಪತ್ತುಗಳಿದ್ದವು: ಒಂದು ಪುಸ್ತಕಗಳು, ಇನ್ನೊಂದು ತಂದೆಯವರ ಪಿಟೀಲು. ಮಗನ ಜೀವನವನ್ನು ಈ ಎರಡೂ ರೂಪಿಸಿದವು ಎನ್ನಬಹುದು.

ಹುಡುಗ ಅಸಾಮಾನ್ಯ ಬುದ್ಧಿವಂತ. 11ನೇ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿ 1904ರಲ್ಲಿ ಮೊದಲ ಸ್ಥಾನ ಮತ್ತು ಚಿನ್ನದ ಪದಕದೊಂದಿಗೆ ಬಿ.ಎ. ಪಡೆದರು. ಎಂ.ಎ. ಓದುತ್ತಿರುವಾಗಲೇ, 1906ರಲ್ಲಿ, ಬೆಳಕಿನ ಬಗ್ಗೆ ಅವರು ಸ್ವಂತವಾಗಿ ನಡೆಸಿದ ಪ್ರಯೋಗದ ಪ್ರಬಂಧ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಆಗ ಅವರಿಗೆ 18 ವರ್ಷ. 1907ರಲ್ಲಿ ಎಂ.ಎ. ಮುಗಿಯಿತು.

ಆ ಕಾಲದಲ್ಲಿ ಬುದ್ಧಿವಂತ ಹುಡುಗರು ಇಂಗ್ಲೆಂಡಿಗೆ ಹೋಗಿ ಓದುವುದು ವಾಡಿಕೆ. ಆದರೆ ರಾಮನ್ ಅವರದು ಬಡಕಲು ದೇಹ. ಅಲ್ಲಿನ ಚಳಿಯನ್ನು ಈ ಹುಡುಗ ತಡೆಯಲಾರನೆಂದು ಸರ್ಕಾರಿ ವೈದ್ಯರು ಹೇಳಿದ್ದರಿಂದ ವಿದೇಶದ ಬಾಗಿಲು ಮುಚ್ಚಿತು. ಹೀಗಾಗಿ ಅವರ ಓದೆಲ್ಲ ಭಾರತದಲ್ಲಿಯೇ ಆಯಿತು. ಮುಂದೆ ಜಗತ್ತೇ ಮೆಚ್ಚಿದ ಕೆಲಸವನ್ನೂ ಅವರು ಇಲ್ಲಿಯೇ ಮಾಡಿದರು. ದೊಡ್ಡ ಊರಿಗೆ, ದೊಡ್ಡ ಕಾಲೇಜಿಗೆ ಹೋಗಲಾಗಲಿಲ್ಲ ಎಂದು ಕೊರಗುವ ನಮ್ಮ ಮಕ್ಕಳು ಇದನ್ನು ನೆನಪಿಡಬೇಕು.

ಸರ್ಕಾರಿ ನೌಕರಿ ಮತ್ತು ಮುಂಜಾನೆಯ ಪ್ರಯೋಗ

ಅಂದಿನ ಭಾರತದಲ್ಲಿ ವಿಜ್ಞಾನವನ್ನೇ ನಂಬಿ ಹೊಟ್ಟೆ ಹೊರೆಯುವುದು ಕಷ್ಟವಿತ್ತು. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲ ಸ್ಥಾನ ಪಡೆದರು. ಲೋಕಸುಂದರಿಯವರನ್ನು ಮದುವೆಯಾಗಿ, 1907ರಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತಕ್ಕೆ ಹೋದರು. ಕೈತುಂಬ ಸಂಬಳ, ಸಮಾಜದಲ್ಲಿ ಗೌರವ. ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯಬೇಕಿತ್ತು.

ಆದರೆ ಬೌಬಜಾರ್ ರಸ್ತೆಯಲ್ಲಿ ಭಾರತೀಯ ವಿಜ್ಞಾನ ಪ್ರಸಾರ ಸಂಘದ ಬೋರ್ಡು ಅವರ ಕಣ್ಣಿಗೆ ಬಿತ್ತು. ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು ಜನರಿಂದ ಚಂದಾ ಎತ್ತಿ 1876ರಲ್ಲಿ ಕಟ್ಟಿದ ಸಂಸ್ಥೆ ಅದು. ಪ್ರಯೋಗಶಾಲೆ ಇತ್ತು, ಅದನ್ನು ಬಳಸುವವರಿರಲಿಲ್ಲ. ರಾಮನ್ ಅಲ್ಲಿ ಪ್ರಯೋಗಕ್ಕೆ ಅನುಮತಿ ಪಡೆದರು. ಕಚೇರಿಗೆ ಮುಂಚೆ ಬೆಳಗಿನ ಜಾವದಲ್ಲಿ, ಕಚೇರಿ ಮುಗಿದ ಮೇಲೆ ರಾತ್ರಿಯವರೆಗೆ ಅಲ್ಲಿಯೇ ದುಡಿದರು. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾದ ಅವಧಿಯನ್ನು ಬಿಟ್ಟರೆ ಸುಮಾರು ಹತ್ತು ವರ್ಷ ಇದೇ ದಿನಚರಿ. ಅವರಿಗೆ ನೆರವಾಗಿದ್ದವರು ಆಶುತೋಷ್ ಡೇ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಈ ಸಹಾಯಕರು ಉಪಕರಣಗಳನ್ನು ಕೈಯಾರೆ ಸಿದ್ಧಪಡಿಸುತ್ತಿದ್ದರು. ರಾಮನ್ ಅವರ ಪ್ರಬಂಧಗಳಲ್ಲಿ ಸಹಲೇಖಕರಾಗಿ ಡೇ ಅವರ ಹೆಸರೂ ಅಚ್ಚಾಗಿದೆ. ಕೈಕೆಲಸ ಬಲ್ಲವನನ್ನು ಕಡೆಗಣಿಸದ ಈ ಗುಣವನ್ನು ನಾವು ಗಮನಿಸಬೇಕು. ನಮ್ಮ ಸಮಾಜದಲ್ಲಿ ವೆಲ್ಡಿಂಗ್, ಲೇತ್, ಮರಗೆಲಸ, ಮೆಕ್ಯಾನಿಕ್ ಕೆಲಸ ಬಲ್ಲ ಕೈಗಳು ಎಷ್ಟಿವೆ! ಆ ಕೈಗಳಿಗೂ ವಿಜ್ಞಾನಕ್ಕೂ ನಡುವೆ ಗೋಡೆ ಇಲ್ಲ.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಅವರನ್ನು ಪಾಲಿತ್ ಪ್ರಾಧ್ಯಾಪಕರಾಗಿ ಕರೆಯಿತು. ಸಂಬಳ ಸರ್ಕಾರಿ ನೌಕರಿಯ ಸುಮಾರು ಅರ್ಧದಷ್ಟು. ರಾಮನ್ ಹಿಂದುಮುಂದು ನೋಡದೆ ನೌಕರಿ ಬಿಟ್ಟರು.

ನಾದದ ಅಭ್ಯಾಸ

ರಾಮನ್ ಎಂದರೆ ಬೆಳಕು ಎಂದು ನಾವು ತಿಳಿದಿದ್ದೇವೆ. ಆದರೆ ಕಲ್ಕತ್ತದ ಮೊದಲ ವರ್ಷಗಳಲ್ಲಿ ಅವರ ಮನಸ್ಸನ್ನು ಸೆಳೆದದ್ದು ಧ್ವನಿ. ತಂದೆಯ ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ, ಕಮಾನು ಎಳೆದಾಗ ಏನಾಗುತ್ತದೆ ಎಂಬುದನ್ನು ಅಳೆಯಲು ಪಿಟೀಲನ್ನು ಒಂದೇ ಹದದಲ್ಲಿ ನುಡಿಸುವ ಯಂತ್ರವನ್ನೇ ಕಟ್ಟಿದರು.

ತಬಲಾ ಮತ್ತು ಮೃದಂಗದ ಮೇಲಿನ ಅವರ ಕೆಲಸ ಇನ್ನೂ ಸ್ವಾರಸ್ಯಕರ. ಬರಿಯ ಚರ್ಮ ಬಿಗಿದ ಡೋಲು ಗದ್ದಲ ಮಾಡುತ್ತದೆ, ಸ್ವರ ಹೊರಡಿಸುವುದಿಲ್ಲ. ತಬಲಾದಿಂದ ಮಾತ್ರ ತಂತಿವಾದ್ಯದ ಹಾಗೆ ಶುದ್ಧ ಸ್ವರ ಬರುತ್ತದೆ. ಕಾರಣ, ಚರ್ಮದ ನಡುವೆ ಹಚ್ಚಿರುವ ಕಪ್ಪು ಸಿಯಾಹಿ. ಆ ಭಾರದಿಂದ ಚರ್ಮದ ಬೇರೆ ಬೇರೆ ಕಂಪನಗಳು ಒಂದಕ್ಕೊಂದು ಸರಿಯಾದ ಲೆಕ್ಕದಲ್ಲಿ ಹೊಂದಿಕೊಳ್ಳುತ್ತವೆ ಎಂದು ರಾಮನ್ 1920ರಲ್ಲಿ ಜಗತ್ತಿಗೆ ತೋರಿಸಿದರು. ನಮ್ಮ ಉಸ್ತಾದರ ಬೆರಳುಗಳು ಶತಮಾನಗಳಿಂದ ಬಲ್ಲ ಸತ್ಯಕ್ಕೆ ಗಣಿತದ ಭಾಷೆ ಸಿಕ್ಕಿತು.

ಗಾಜಿನ ಮೇಲೆ ಬಿದ್ದ ಉಕ್ಕಿನ ಗುಂಡು

ಇದೇ ವರ್ಷಗಳಲ್ಲಿ ಅವರು ಇನ್ನೊಂದು ಪ್ರಶ್ನೆಯನ್ನೂ ಹಿಡಿದಿದ್ದರು. ಎರಡು ಗಟ್ಟಿ ವಸ್ತುಗಳು ಡಿಕ್ಕಿ ಹೊಡೆದರೆ ಆ ಕ್ಷಣದಲ್ಲಿ ಏನಾಗುತ್ತದೆ? ಜರ್ಮನಿಯ ಹೈನ್ರಿಶ್ ಹರ್ಟ್ಸ್ 1880ರ ದಶಕದ ಆರಂಭದಲ್ಲಿ ಇದರ ಗಣಿತವನ್ನು ಕೊಟ್ಟಿದ್ದರು. ರಾಮನ್ ಅದನ್ನು ಪ್ರಯೋಗಕ್ಕೆ ತಂದರು. ಮೆಲ್ಲನೆ ಡಿಕ್ಕಿಯಾಗುವ ಗುಂಡುಗಳನ್ನು ಫೋಟೊ ಹಿಡಿದು ಅಭ್ಯಾಸ ಮಾಡಿದರು. 1919ರಲ್ಲಿ, ದಪ್ಪ ಗಾಜಿನ ಹಲಗೆಯ ಮೇಲೆ ಉಕ್ಕಿನ ಗುಂಡು ಬಿದ್ದಾಗ ಮೂಡುವ ಒಡಕಿನ ಆಕೃತಿಗಳ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದರು.

ಗುಂಡು ತಾಗಿದ ಕಡೆ ಗಾಜು ಪುಡಿಪುಡಿಯಾಗುವುದಿಲ್ಲ. ತಾಗಿದ ಜಾಗದ ಸುತ್ತ ಒಂದು ಸಣ್ಣ ಉಂಗುರದಂತಹ ಬಿರುಕು ಮೂಡುತ್ತದೆ. ಅಲ್ಲಿಂದ ಅದು ಕೆಳಕ್ಕೆ ಓರೆಯಾಗಿ ಅಗಲವಾಗುತ್ತಾ, ಬೋರಲು ಹಾಕಿದ ಆಲಿಕೆಯಂತೆ ಗಾಜಿನೊಳಗೆ ಇಳಿಯುತ್ತದೆ. ಇದಕ್ಕೆ ಕಾರಣ ಸರಳ. ಗಾಜನ್ನು ಅದುಮಿದರೆ ಅದು ಬಹಳ ಗಟ್ಟಿ, ಎಳೆದರೆ ಬಹಳ ದುರ್ಬಲ. ಗುಂಡಿನ ಅಡಿಯಲ್ಲಿ ಗಾಜು ಅದುಮಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ ಒಡೆಯುವುದಿಲ್ಲ. ಅಂಚಿನ ಸುತ್ತ ಮೇಲ್ಮೈ ಎಳೆತಕ್ಕೆ ಸಿಕ್ಕುತ್ತದೆ, ಆದ್ದರಿಂದ ಅಲ್ಲಿ ಸೀಳುತ್ತದೆ. ತಾಮ್ರ, ಅಲ್ಯೂಮಿನಿಯಂನಂತಹ ಮೆದು ಲೋಹಕ್ಕೆ ಏಟು ಬಿದ್ದರೆ ಅದು ಗುಳಿಬಿದ್ದು ತಾಳಿಕೊಳ್ಳುತ್ತದೆ. ಗಾಜಿಗೆ, ಕಲ್ಲಿಗೆ, ಸ್ಫಟಿಕಕ್ಕೆ ಹಾಗೆ ಬಾಗಿ ತಾಳುವ ಗುಣವಿಲ್ಲ. ಅವು ಸಿಡಿದು ಒಡೆಯುತ್ತವೆ. ನಮ್ಮ ಕಲ್ಲುಕುಟಿಗ ಉಳಿ ಇಟ್ಟು ಏಟು ಹಾಕುವಾಗ ನಂಬುವುದು ಇದನ್ನೇ.

ಬೆಳಕಿನ ಕೀರ್ತಿ

ಬೆಳಕನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿದವರಲ್ಲಿ ಮೊದಲಿಗರು ಬಸ್ರಾದ ಇಬ್ನ್ ಅಲ್ ಹೈಸಮ್. 11ನೇ ಶತಮಾನದಲ್ಲಿ ಅವರು ಬರೆದ ಕಿತಾಬುಲ್ ಮನಾಝಿರ್ ಯುರೋಪಿನ ವಿದ್ವಾಂಸರಿಗೂ ದಾರಿ ತೋರಿತು. ಊಹೆಯನ್ನು ನಂಬದೆ ಕಣ್ಣಾರೆ ಪರೀಕ್ಷಿಸುವ ಆ ಪರಂಪರೆಗೆ ರಾಮನ್ ಕೂಡ ಸೇರಿದವರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಬಣ್ಣ ಅವರನ್ನು ಕಾಡಿತು. ಅದು ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಬಂದದ್ದು ಎಂದು ತೋರಿಸಿದರು. ಅಲ್ಲಿಂದ ಏಳು ವರ್ಷ ಅದೇ ಜಾಡು ಹಿಡಿದು, ಶಿಷ್ಯ ಕೆ.ಎಸ್. ಕೃಷ್ಣನ್ ಅವರೊಡನೆ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಕಂಡರು. ವಸ್ತುವಿನ ಅಣುಗಳಿಂದ ಚದುರುವ ಬೆಳಕಿನಲ್ಲಿ ಒಂದಿಷ್ಟು ಭಾಗ ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಬದಲಾವಣೆಯಿಂದ ಅಣುವಿನ ಗುರುತು ಹಿಡಿಯಬಹುದು ಎಂಬುದೇ ಅದರ ಸಾರ. 1929ರಲ್ಲಿ ಸರ್ ಪದವಿ, 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ವಿಜ್ಞಾನಕ್ಕೆ ನೊಬೆಲ್ ಪಡೆದ ಏಷ್ಯಾದ ಮೊದಲಿಗರು ಅವರು. 1987ರಿಂದ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ನಮ್ಮ ಶಾಲೆಗಳೆಲ್ಲ ಆಚರಿಸುತ್ತಿವೆ.

ಬೆಂಗಳೂರಿನಲ್ಲಿ ಕೇಳದ ನಾದ

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರೇ ಮೊದಲ ಭಾರತೀಯ ನಿರ್ದೇಶಕರು. ಆಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಕೈಗಾರಿಕೆಗೂ ವಿದ್ಯೆಗೂ ಒತ್ತು ಕೊಟ್ಟ ಆ ಆಡಳಿತದ ಕಾಲದಲ್ಲಿಯೇ, 1934ರಲ್ಲಿ, ರಾಮನ್ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನ ಅದಕ್ಕೆ ಬೆಂಗಳೂರಿನಲ್ಲಿ ಜಮೀನು ಕೊಟ್ಟಿತು.

ಇಲ್ಲಿ ಅವರು ಕೈಗೆತ್ತಿಕೊಂಡದ್ದು ಶ್ರವಣಾತೀತ ಧ್ವನಿ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಅದಕ್ಕಿಂತ ಹೆಚ್ಚಾದರೆ ಧ್ವನಿ ಇರುತ್ತದೆ, ನಮಗೆ ಕೇಳುವುದಿಲ್ಲ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಸ್ಫಟಿಕಗಳನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದಿದ್ದರು. ಅದೇ ಸ್ಫಟಿಕಕ್ಕೆ ವಿದ್ಯುತ್ ಕೊಟ್ಟರೆ ಅದು ಕಂಪಿಸುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜೆವಿನ್ ಉಕ್ಕಿನ ಎರಡು ತಟ್ಟೆಗಳ ನಡುವೆ ಸ್ಫಟಿಕವನ್ನು ಇಟ್ಟು, ನೀರಿನೊಳಗಿನ ಜಲಾಂತರ್ಗಾಮಿಯನ್ನು ಪತ್ತೆಹಚ್ಚಲು ಶ್ರವಣಾತೀತ ಧ್ವನಿಯನ್ನು ಹೊರಡಿಸಿದ್ದರು. 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಒಂದು ವಿಚಿತ್ರ ಕಂಡರು. ಈ ಧ್ವನಿ ಹಾಯುತ್ತಿರುವ ದ್ರವದ ಮೂಲಕ ಬೆಳಕನ್ನು ಹಾಯಿಸಿದರೆ, ಒಂದು ಕಿರಣ ಹಲವು ಕಿರಣಗಳಾಗಿ ಒಡೆದು ಸಾಲಾಗಿ ನಿಲ್ಲುತ್ತದೆ. ಹೀಗೇಕೆ ಎಂಬುದಕ್ಕೆ ಸಮಾಧಾನಕರ ಉತ್ತರವಿರಲಿಲ್ಲ.

ಉತ್ತರ ಬೆಂಗಳೂರಿನಿಂದ ಹೊರಟಿತು. ರಾಮನ್ ಮತ್ತು ಅವರ ತರುಣ ಶಿಷ್ಯ ಎನ್.ಎಸ್. ನಾಗೇಂದ್ರನಾಥ್ 1935-36ರಲ್ಲಿ ಸಾಲಾಗಿ ಪ್ರಬಂಧಗಳನ್ನು ಪ್ರಕಟಿಸಿದರು. ಧ್ವನಿಯಿಂದ ದ್ರವ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಸಡಿಲವಾಗಿ, ಕಾಣದ ಜಾಲರಿಯಂತಾಗುತ್ತದೆ. ಆ ಜಾಲರಿಯಲ್ಲಿ ಹಾಯುವ ಬೆಳಕಿನ ಅಲೆ ಸುಕ್ಕುಗಟ್ಟಿ, ಹಲವು ದಿಕ್ಕಿಗೆ ಹಂಚಿಹೋಗುತ್ತದೆ. ಯಾವ ಕಿರಣ ಎಷ್ಟು ಪ್ರಕಾಶವಾಗಿರುತ್ತದೆ ಎಂಬುದನ್ನೂ ಅವರು ಲೆಕ್ಕ ಹಾಕಿ ತೋರಿಸಿದರು. ರಾಮನ್-ನಾಥ್ ಸಿದ್ಧಾಂತವೆಂದು ಇಂದಿಗೂ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಇದನ್ನು ಓದುತ್ತಾರೆ. ಲೇಸರ್ ಕಿರಣವನ್ನು ಧ್ವನಿಯಿಂದ ತಿರುಗಿಸುವ, ತಡೆಯುವ ಉಪಕರಣಗಳಿಗೆ ಇದೇ ತಳಹದಿ.

ಯಂತ್ರ ಕೆಲಸ ಮಾಡುವ ಬಗೆ

ರಾಮನ್ ಯಂತ್ರ ಮಾಡಲು ಹೊರಟವರಲ್ಲ. ಗಟ್ಟಿ ವಸ್ತುವನ್ನು ಶ್ರವಣಾತೀತ ಕಂಪನದಿಂದ ಕೊರೆಯುವ ಉಪಾಯವನ್ನು 1940ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಲೂಯಿಸ್ ಬಾಲಮುತ್. ಆದರೆ ಆ ಯಂತ್ರವನ್ನು ಬಿಚ್ಚಿ ನೋಡಿದರೆ ರಾಮನ್ ಅಭ್ಯಾಸ ಮಾಡಿದ ಎರಡೂ ವಿಷಯಗಳು ಅದರಲ್ಲಿ ಜೊತೆಯಾಗಿರುವುದು ಕಾಣುತ್ತದೆ.

ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಯಂತ್ರದ ಮೊದಲ ಭಾಗ ಅದನ್ನು ಸುಮಾರು 20,000 ಸಲ ಆವರ್ತಿಸುವ ವಿದ್ಯುತ್ತಾಗಿ ಮಾಡುತ್ತದೆ. ಎರಡನೆಯ ಭಾಗ ಆ ವಿದ್ಯುತ್ತನ್ನು ಕಂಪನವಾಗಿ ಪರಿವರ್ತಿಸುತ್ತದೆ. ಇದರಲ್ಲಿ ಲಾಂಜೆವಿನ್ ಮಾದರಿಯ ಸ್ಫಟಿಕ ಅಥವಾ ಕಾಂತಶಕ್ತಿಗೆ ಹಿಗ್ಗಿ ಕುಗ್ಗುವ ನಿಕಲ್ ತಗಡುಗಳಿರುತ್ತವೆ. ಈ ಕಂಪನ ಬಹಳ ಸಣ್ಣದು. ಅದಕ್ಕಾಗಿ ಮೂರನೆಯ ಭಾಗವಾಗಿ ಮೇಲೆ ದಪ್ಪ, ಕೆಳಗೆ ಸಣ್ಣಗಾಗುತ್ತಾ ಬರುವ ಲೋಹದ ಕೊಂಬೊಂದನ್ನು ಜೋಡಿಸುತ್ತಾರೆ. ಕೊಂಬು ಕಿರಿದಾದಂತೆ ಕಂಪನದ ಹರವು ಹಿರಿದಾಗುತ್ತದೆ. ಹೀಗೆ ಹಿಗ್ಗಿಸಿದರೂ ಅದು ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗವಷ್ಟೇ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕೊಂಬಿನ ತುದಿಯಲ್ಲಿ ಕೊರೆಯಬೇಕಾದ ಆಕಾರದ ಉಪಕರಣವಿರುತ್ತದೆ.

ಸ್ವಾರಸ್ಯವೆಂದರೆ ಈ ಉಪಕರಣವನ್ನು ಮಾಡುವುದು ಗಾಜಿಗಿಂತ ಮೆದುವಾದ ಉಕ್ಕಿನಿಂದ ಅಥವಾ ಹಿತ್ತಾಳೆಯಿಂದ. ಅದು ತಾನೇ ಕೊರೆಯುವುದಿಲ್ಲ. ಅದಕ್ಕೂ ಗಾಜಿಗೂ ನಡುವೆ ಬೋರಾನ್ ಕಾರ್ಬೈಡ್, ಸಿಲಿಕಾನ್ ಕಾರ್ಬೈಡ್‌ನಂತಹ ಬಹಳ ಗಟ್ಟಿಯಾದ ಪುಡಿಯನ್ನು ನೀರಿನಲ್ಲಿ ಕಲಸಿ ಹರಿಸುತ್ತಿರುತ್ತಾರೆ. ಉಪಕರಣ ಸುತ್ತಿಗೆಯಾಗುತ್ತದೆ, ಪುಡಿಯ ಒಂದೊಂದು ಕಾಳೂ ಒಂದೊಂದು ಉಳಿಯಾಗುತ್ತದೆ. ಪ್ರತಿ ಏಟಿಗೂ ಕಾಳು ಗಾಜಿನ ಮೇಲ್ಮೈಯನ್ನು ಕುಟ್ಟುತ್ತದೆ. 1919ರಲ್ಲಿ ರಾಮನ್ ಕಂಡಂತಹ ಒಡಕುಗಳು ಇಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಮೂಡುತ್ತವೆ. ಅಕ್ಕಪಕ್ಕದ ಬಿರುಕುಗಳು ಒಂದನ್ನೊಂದು ಕೂಡಿ ಧೂಳಿನಂತಹ ಚೂರು ಏಳುತ್ತದೆ, ನೀರು ಅದನ್ನು ತೊಳೆದುಕೊಂಡು ಹೋಗುತ್ತದೆ. ಕೆಲವು ಕಾಳುಗಳು ಚಿಮ್ಮಿಹೋಗಿ ಬಡಿಯುತ್ತವೆ. ದ್ರವದಲ್ಲಿ ಹುಟ್ಟಿ ಒಡೆಯುವ ಸಣ್ಣ ಗುಳ್ಳೆಗಳೂ ಸ್ವಲ್ಪ ನೆರವಾಗುತ್ತವೆ. ಒಂದೊಂದು ಏಟಿಗೆ ಏಳುವುದು ಏನೂ ಅಲ್ಲದಷ್ಟು. ಆದರೆ ಒಂದು ನಿಮಿಷಕ್ಕೆ ಏಟುಗಳು 12 ಲಕ್ಷ!

ಮೆದು ಉಪಕರಣ ಏಕೆ ಬೇಗ ಸವೆಯುವುದಿಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಅದೇ ಪುಡಿಯ ಏಟು ಬೀಳುತ್ತದೆ. ಆದರೆ ಲೋಹಕ್ಕೆ ತಾಳುವ ಗುಣವಿದೆ. ಅದು ಗುಳಿಬೀಳುತ್ತದೆಯೇ ಹೊರತು ಗಾಜಿನಂತೆ ಚೂರಾಗಿ ಉದುರುವುದಿಲ್ಲ. ಆದ್ದರಿಂದ ಗಟ್ಟಿಯಾದದ್ದು ಸೋಲುತ್ತದೆ, ತಾಳಿಕೊಳ್ಳುವುದು ಉಳಿಯುತ್ತದೆ. ಇದೇ ಕಾರಣಕ್ಕೆ ತಾಮ್ರ, ಅಲ್ಯೂಮಿನಿಯಂಗಳನ್ನು ಈ ವಿಧಾನದಿಂದ ಕೊರೆಯಲು ಹೋದರೆ ಕೆಲಸ ಸಾಗುವುದಿಲ್ಲ. ಪುಡಿ ಅವುಗಳೊಳಗೆ ಹೂತುಹೋಗುತ್ತದೆ.

ಈ ವಿಧಾನದಲ್ಲಿ ವಸ್ತು ಕಾಯುವುದಿಲ್ಲ, ಅದರ ಗುಣ ಕೆಡುವುದಿಲ್ಲ. ವಸ್ತುವಿನಲ್ಲಿ ವಿದ್ಯುತ್ ಹರಿಯಬೇಕೆಂಬ ನಿಯಮವೂ ಇಲ್ಲ. ಒರಟು ಪುಡಿ ಹಾಕಿದರೆ ಕೆಲಸ ಬೇಗ, ನುಣ್ಣನೆಯ ಪುಡಿ ಹಾಕಿದರೆ ಮೇಲ್ಮೈ ನಯ. ಮಿತಿಗಳೂ ಇವೆ. ಕೆಲಸ ನಿಧಾನ. ರಂಧ್ರ ಆಳವಾದಷ್ಟೂ ಹೊಸ ಪುಡಿ ತಳಕ್ಕೆ ಇಳಿಯುವುದು ಕಷ್ಟ. ಉಪಕರಣವೂ ಅಷ್ಟಿಷ್ಟು ಸವೆಯುತ್ತದೆ. ನಮ್ಮ ಕಡೆಯ ಗಣಿಗಳಲ್ಲಿ ಬಂಡೆ ಸೀಳಲು ಇದು ಆಗುವುದಿಲ್ಲ; ಇದು ಸೂಕ್ಷ್ಮ ಕೆಲಸದ ವಿದ್ಯೆ. ಒಂದು ಮಾತನ್ನು ಮಾತ್ರ ನಮ್ಮ ಕಲ್ಲು ಕೆಲಸದವರು ಇದರಿಂದ ಕಲಿಯಬಹುದು. ಇಲ್ಲಿ ಚೂರೆಲ್ಲ ನೀರಿನಲ್ಲಿ ಹೋಗುವುದರಿಂದ ಧೂಳು ಏಳುವುದಿಲ್ಲ. ಒಣ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ತರುತ್ತದೆ. ಕಲ್ಲು ಕೊಯ್ಯುವಾಗ ನೀರು ಹರಿಸುವುದು, ಮುಖಕ್ಕೆ ರಕ್ಷೆ ಹಾಕುವುದು ಜೀವ ಉಳಿಸುವ ವಿಷಯ.

ವಜ್ರಗಳು ಮತ್ತು ಹೆಣ್ಣುಮಕ್ಕಳು

1937ರಲ್ಲಿ ಭಿನ್ನಾಭಿಪ್ರಾಯಗಳ ನಡುವೆ ರಾಮನ್ ನಿರ್ದೇಶಕ ಹುದ್ದೆ ಬಿಡಬೇಕಾಯಿತು. 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು. ಹುದ್ದೆ ಹೋಯಿತೆಂದು ಕೆಲಸ ನಿಲ್ಲಿಸಲಿಲ್ಲ. ಈ ಕಾಲದಲ್ಲಿ ಅವರನ್ನು ಸೆಳೆದದ್ದು ವಸ್ತುಗಳಲ್ಲೆಲ್ಲ ಅತ್ಯಂತ ಗಟ್ಟಿಯಾದ ವಜ್ರ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. 1933ರಲ್ಲಿ ಬೊಂಬಾಯಿಯಿಂದ ಕಮಲಾ ಭಾಗವತ್ ಎಂಬ ಪ್ರತಿಭಾವಂತ ವಿದ್ಯಾರ್ಥಿನಿ ಸಂಶೋಧನೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಹಿಂದೆ ಸರಿಯಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಕಟ್ಟುಪಾಡಿನೊಡನೆ ಸೇರಿಸಿಕೊಂಡರು. ಆಕೆಯ ದುಡಿಮೆ ಕಂಡ ಮೇಲೆ ಸಂಸ್ಥೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು. ಕಮಲಾ ಸೊಹೊನಿ ಎಂದು ಮುಂದೆ ಹೆಸರಾದ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಬೆಳಕಿನ ಗುಟ್ಟು ಬಿಡಿಸಿದ ಮಹಾನ್ ಬುದ್ಧಿಗೂ ಕಾಲದ ಪೂರ್ವಗ್ರಹ ಅಂಟಿಕೊಂಡಿತ್ತು; ಅದನ್ನು ಕರಗಿಸಿದ್ದು ಒಬ್ಬ ಹುಡುಗಿಯ ಹಠ.

1940ರಲ್ಲಿ ಕೇರಳದ ಅನ್ನಾ ಮಾಣಿ ರಾಮನ್ ಅವರ ಪ್ರಯೋಗಶಾಲೆ ಸೇರಿದರು. ವಜ್ರ ಮತ್ತು ಮಾಣಿಕ್ಯಗಳು ಹೊರಸೂಸುವ ಬೆಳಕಿನ ಬಗ್ಗೆ ಸ್ವತಂತ್ರವಾಗಿ ಪ್ರಬಂಧಗಳನ್ನು ಬರೆದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಅವರು ಹವಾಮಾನ ಇಲಾಖೆಗೆ ಸೇರಿ, ದೇಶದ ಯಾವ ಮೂಲೆಯಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಎಂದು ಅಳೆಯುವ ಕೇಂದ್ರಗಳ ಜಾಲವನ್ನೇ ಕಟ್ಟಿದರು. 1980ರಲ್ಲಿ ಅವರು ಆ ಅಂಕಿಅಂಶಗಳ ಕೈಪಿಡಿಯನ್ನು ಪ್ರಕಟಿಸಿದರು. ಭಾರತದ ಸೌರವಿದ್ಯುತ್ ಯೋಜನೆಗಳಿಗೆ ಅಂತಹ ಅಳತೆಗಳೇ ಅಡಿಪಾಯ. ಇಂದು ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಉದ್ಯಾನ ಹರಡಿದೆ. ಬರಗಾಲಕ್ಕೆ ಹೆಸರಾಗಿದ್ದ ಸೀಮೆ ಬಿಸಿಲನ್ನೇ ಬೆಳೆಯಾಗಿ ತೆಗೆಯುತ್ತಿದೆ. ಆ ಫಲಕಗಳ ಸಿಲಿಕಾನ್ ಮತ್ತು ಗಾಜು ಕೂಡ ಗಟ್ಟಿಯಾದರೂ ಏಟಿಗೆ ಒಡೆಯುವ ಜಾತಿಯವೇ!

ಕೊನೆಯ ವರ್ಷಗಳು

ಸ್ವಾತಂತ್ರ್ಯದ ನಂತರ ರಾಮನ್ ಅಕಾಡೆಮಿಗೆ ಸಿಕ್ಕಿದ್ದ ಜಮೀನಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿ 1948ರಲ್ಲಿ ಅಲ್ಲಿ ನೆಲೆಸಿದರು. ಸರ್ಕಾರದ ಹಣದ ಹಂಗು ಬೇಡವೆಂದು ತಮ್ಮ ಉಳಿತಾಯ ಮತ್ತು ದಾನಗಳಿಂದಲೇ ಅದನ್ನು ನಡೆಸಿದರು. ಖನಿಜ, ಹರಳು, ಚಿಪ್ಪುಗಳ ಒಂದು ಸಂಗ್ರಹಾಲಯವನ್ನೇ ಕೂಡಿಸಿದರು. ಶಾಲಾ ಮಕ್ಕಳು ಬಂದರೆ ಉತ್ಸಾಹದಿಂದ ತಾವೇ ವಿವರಿಸುತ್ತಿದ್ದರು. 1954ರಲ್ಲಿ ಭಾರತರತ್ನ, 1957ರಲ್ಲಿ ಲೆನಿನ್ ಶಾಂತಿ ಪ್ರಶಸ್ತಿ ಬಂದವು.

ಪ್ರತಿ ವರ್ಷ ಗಾಂಧಿ ಜಯಂತಿಯಂದು ಅವರು ಸಾರ್ವಜನಿಕ ಉಪನ್ಯಾಸ ಕೊಡುತ್ತಿದ್ದರು. 1970ರ ಅಕ್ಟೋಬರ್ 2ರ ಕೊನೆಯ ಉಪನ್ಯಾಸದ ವಿಷಯ ಮನುಷ್ಯನ ಕಿವಿ ಧ್ವನಿಯನ್ನು ಗ್ರಹಿಸುವ ಬಗೆ. ನಾದದಿಂದ ಆರಂಭವಾದ ಹುಡುಕಾಟ 82ರ ಹೊಸ್ತಿಲಲ್ಲಿ ಮತ್ತೆ ನಾದಕ್ಕೇ ಬಂದು ನಿಂತಿತು. ಅದೇ ತಿಂಗಳು ಪ್ರಯೋಗಶಾಲೆಯಲ್ಲಿ ಕುಸಿದುಬಿದ್ದ ಅವರು ನವೆಂಬರ್ 21ರಂದು ಕೊನೆಯುಸಿರೆಳೆದರು. ಸಂಸ್ಥೆಯ ಆವರಣದಲ್ಲಿಯೇ ಅವರ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಸ್ಮಾರಕವಾಗಿರುವುದು ಕಲ್ಲಿನ ಕಟ್ಟಡವಲ್ಲ, ಒಂದು ಮರ.

ನಮ್ಮ ಮಕ್ಕಳಿಗೆ

ರಾಮನ್ ಅವರ ಬದುಕಿನಿಂದ ನಮ್ಮ ಸಮಾಜ ಏನು ಕಲಿಯಬೇಕು? ಹತ್ತನೆಯ ತರಗತಿ ಮುಗಿಯುತ್ತಲೇ ಮಗನನ್ನು ಅಂಗಡಿಗೋ ಗ್ಯಾರೇಜಿಗೋ ಕಳುಹಿಸುವ, ಮಗಳ ಓದನ್ನು ಪಿಯುಸಿಗೆ ನಿಲ್ಲಿಸುವ ಪೋಷಕರು ಇನ್ನೂ ನಮ್ಮ ನಡುವೆ ಇದ್ದಾರೆ. ಮನೆಯ ಕಷ್ಟ ನಿಜ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ರಾಮನ್ ಹತ್ತು ವರ್ಷ ಹಗಲು ನೌಕರಿ ಮಾಡಿಯೇ ವಿಜ್ಞಾನವನ್ನು ಸಾಧಿಸಿದರು. ದುಡಿಯುತ್ತಲೇ ಸಂಜೆ ಕಾಲೇಜಿನಲ್ಲಿ, ದೂರಶಿಕ್ಷಣದಲ್ಲಿ ಓದುವ ದಾರಿಗಳು ಇಂದು ಅಂದಿಗಿಂತ ಹೆಚ್ಚಿವೆ. ಗ್ಯಾರೇಜಿನಲ್ಲಿರುವ ಹುಡುಗನ ಕೈಯಲ್ಲಿ ಆಶುತೋಷ್ ಡೇ ಅವರ ಕೌಶಲ ಇರಬಹುದು. ಮನೆಯಲ್ಲಿ ಕುಳಿತ ಹುಡುಗಿಯಲ್ಲಿ ಕಮಲಾ ಅವರ ಹಠ, ಅನ್ನಾ ಮಾಣಿಯವರ ಬುದ್ಧಿ ಇರಬಹುದು. ಅವರನ್ನು ಓದಿಸದೆ ನಾವು ಅದನ್ನು ತಿಳಿಯುವುದಾದರೂ ಹೇಗೆ?

ಬಡತನ, ಅಜ್ಞಾನ, ನಮ್ಮವರಿಗೆ ವಿಜ್ಞಾನ ಎಲ್ಲಿಯದು ಎಂಬ ಕೀಳರಿಮೆ ಇವೆಲ್ಲ ಗಟ್ಟಿ ಬಂಡೆಗಳೇ. ಒಂದು ದೊಡ್ಡ ಏಟಿಗೆ ಇವು ಸೀಳುವುದಿಲ್ಲ. ದಿನಕ್ಕೆ ಒಂದು ಗಂಟೆಯ ಓದು, ವಾರಕ್ಕೊಂದು ಪ್ರಯೋಗ, ತಿಂಗಳಿಗೊಂದು ಪುಸ್ತಕ, ಮನೆಗೊಬ್ಬ ಪದವೀಧರೆ ಹೀಗೆ ಸಣ್ಣ ಸಣ್ಣ ಏಟುಗಳು ಬಿಡದೆ ಬೀಳುತ್ತಿದ್ದರೆ ಯಾವ ಬಂಡೆಯೂ ಉಳಿಯಲಾರದು. ಬೆಟ್ಟಗಳ ಈ ಸೀಮೆಯ ಮಕ್ಕಳಿಗೆ ಅಲ್ಲಾಹನು ಜ್ಞಾನದ ಹಸಿವನ್ನೂ ಅದಕ್ಕೆ ಬೇಕಾದ ತಾಳ್ಮೆಯನ್ನೂ ದಯಪಾಲಿಸಲಿ. ಆಮೀನ್.